ಗೋಣಿ ಸೊಪ್ಪು: ಹೊಲದ ಕಳೆ, ಮನೆಯ ಆಹಾರ – ಬಳಕೆ, ಔಷಧೀಯ ಗುಣ ಮತ್ತು ಎಚ್ಚರಿಕೆ



ಮುಂಗಾರಿನ ಮೊದಲ ಎರಡು ಮಳೆ ಬಿದ್ದ ಮೇಲೆ ಈರುಳ್ಳಿ, ಶೇಂಗಾ, ಮೆಣಸಿನಕಾಯಿ ಹೊಲಗಳ ಸಾಲುಗಳ ನಡುವೆ ನೆಲಕ್ಕಂಟಿ ಹರಡುವ, ಕೆಂಪು ಕಾಂಡದ, ದಪ್ಪ ಎಲೆಯ ಗಿಡವೊಂದನ್ನು ತಾವೆಲ್ಲರೂ ಬಲ್ಲಿರಿ. ದಕ್ಷಿಣ ಕರ್ನಾಟಕದಲ್ಲಿ ಇದನ್ನು ಗೋಣಿ ಸೊಪ್ಪು ಅಥವಾ ದೊಡ್ಡಗೋಣಿ ಸೊಪ್ಪು ಎನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಗೋಳಿ ಪಲ್ಯ ಎಂದೇ ಪ್ರಸಿದ್ಧ. ಮರಾಠಿಯಲ್ಲಿ ಘೋಳ್, ಹಿಂದಿಯಲ್ಲಿ ಕುಲ್ಫಾ, ತಮಿಳಿನಲ್ಲಿ ಪರುಪ್ಪು ಕೀರೈ ಎಂಬ ಹೆಸರುಗಳಿವೆ. ಇದರ ಸಸ್ಯಶಾಸ್ತ್ರೀಯ ಹೆಸರು ಪೋರ್ಚುಲಕಾ ಒಲೆರೇಸಿಯಾ. ಲ್ಯಾಟಿನ್ ಭಾಷೆಯ ‘ಒಲೆರೇಸಿಯಾ’ ಎಂಬ ಪದಕ್ಕೆ ಅಡುಗೆಗೆ ಬಳಸುವ ಸೊಪ್ಪು-ತರಕಾರಿ ಎಂಬರ್ಥವಿದೆ. ಕಳೆಶಾಸ್ತ್ರದ ಪುಸ್ತಕಗಳಲ್ಲಿ ಸ್ಥಾನ ಪಡೆದಿರುವ ಈ ಗಿಡವು ತನ್ನ ಹೆಸರಿನಲ್ಲಿಯೇ ತರಕಾರಿ ಎಂಬ ಗುರುತನ್ನು ಹೊತ್ತುಕೊಂಡಿದೆ.

ಲೆರಾಯ್ ಹೋಮ್ ಮತ್ತು ಸಂಗಡಿಗರು 1977ರಲ್ಲಿ ಪ್ರಕಟಿಸಿದ ಜಗತ್ತಿನ ಅತ್ಯಂತ ಉಪದ್ರವಕಾರಿ ಕಳೆಗಳ ಗ್ರಂಥದಲ್ಲಿ ಗೋಣಿ ಸೊಪ್ಪು ಮುಂಚೂಣಿಯ ಸಾಲಿನಲ್ಲಿದೆ. ಅದೇ ಗಿಡವನ್ನು ಕಳೆ ತೆಗೆಯಲು ಬಂದ ಮಹಿಳೆಯರು ಆರಿಸಿ, ಮಡಿಲಿನಲ್ಲಿ ಕಟ್ಟಿಕೊಂಡು ಸಂಜೆಯ ಅಡುಗೆಗೆ ಒಯ್ಯುವುದು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಸಾಮಾನ್ಯ. ಈ ರೂಢಿಯು ಬೆಳೆದು ಬಂದದ್ದು ಕಳೆಯನ್ನು ಕೈಯಿಂದಲೇ ತೆಗೆಯುತ್ತಿದ್ದ ಕಾಲದಲ್ಲಿ. ಈಗ ಬಹಳಷ್ಟು ಹೊಲಗಳಲ್ಲಿ ಬಿತ್ತನೆಯ ಬೆನ್ನಿಗೇ ಕಳೆನಾಶಕ ಬೀಳುತ್ತದೆ. ಹೊಲದ ನಿರ್ವಹಣೆ ಬದಲಾಗಿದೆ, ಮಡಿಲಿಗೆ ಸೊಪ್ಪು ತುಂಬಿಕೊಳ್ಳುವ ರೂಢಿ ಬದಲಾಗಿಲ್ಲ. ಆದ್ದರಿಂದ ಈ ಸೊಪ್ಪಿನ ಗುಣಗಳ ಜೊತೆಗೆ ಅದನ್ನು ಎಲ್ಲಿಂದ, ಯಾವಾಗ, ಎಷ್ಟು ಮತ್ತು ಹೇಗೆ ಬಳಸಬೇಕೆಂಬುದನ್ನು ತಿಳಿದುಕೊಳ್ಳುವುದು ಅಗತ್ಯವಾಗಿದೆ.

ಗಿಡವನ್ನು ಗುರುತಿಸುವ ಬಗೆ

ಗೋಣಿ ಸೊಪ್ಪು ಒಂದು ವಾರ್ಷಿಕ ಸಸ್ಯ. ಕಾಂಡವು ದುಂಡಗೆ, ನುಣುಪಾಗಿ, ರಸಭರಿತವಾಗಿದ್ದು ಸಾಮಾನ್ಯವಾಗಿ ಕೆಂಪು ಛಾಯೆಯನ್ನು ಹೊಂದಿರುತ್ತದೆ. ಎಲೆಗಳು ದಪ್ಪಗಿದ್ದು, ತೊಟ್ಟಿನ ಕಡೆ ಕಿರಿದಾಗಿ ತುದಿಯಲ್ಲಿ ಅಗಲವಾಗಿ ದುಂಡಗಿರುತ್ತವೆ. ಕವಲುಗಳ ತುದಿಯಲ್ಲಿ ಗೊಂಚಲಾಗಿ ಸೇರಿಕೊಂಡಿರುತ್ತವೆ. ಹಳದಿ ಬಣ್ಣದ ಐದು ಎಸಳುಗಳ ಸಣ್ಣ ಹೂವುಗಳು ಬಿಸಿಲೇರಿದ ಮೇಲೆ ಕೆಲವೇ ಗಂಟೆಗಳ ಕಾಲ ಅರಳಿ ಮುಚ್ಚಿಕೊಳ್ಳುತ್ತವೆ. ಕಾಯಿ ಬಲಿತಾಗ ಅದರ ಮೇಲ್ಭಾಗವು ಭರಣಿಯ ಮುಚ್ಚಳದಂತೆ ಕಳಚಿ ಬಿದ್ದು, ಒಳಗಿನ ಕಪ್ಪು ಬೀಜಗಳು ಉದುರುತ್ತವೆ. ಬೀಜವು ಸಾಸಿವೆಗಿಂತಲೂ ಚಿಕ್ಕದು.

ಇದೇ ಕುಲಕ್ಕೆ ಸೇರಿದ ಸಣ್ಣ ಗೋಣಿ ಸೊಪ್ಪು ಇನ್ನೂ ಚಿಕ್ಕ ಎಲೆಗಳದ್ದು. ಅದರ ಗೆಣ್ಣುಗಳಲ್ಲಿ ಬಿಳಿಯ ಕೂದಲುಗಳಿದ್ದು, ಹೂವಿಗೆ ನಾಲ್ಕು ಎಸಳುಗಳಿರುತ್ತವೆ. ಅದನ್ನೂ ಸೊಪ್ಪಾಗಿ ಬಳಸುತ್ತಾರೆ. ಹೂದೋಟಗಳಲ್ಲಿ ಬೆಳೆಸುವ ಟೇಬಲ್ ರೋಸ್ ಸಹ ಇದರ ಬಂಧುವೇ ಆದರೂ ಅದು ಅಲಂಕಾರಕ್ಕೆ ಮೀಸಲು. ನರ್ಸರಿಯಿಂದ ತಂದ ಗಿಡಗಳನ್ನು ಆಹಾರಕ್ಕೆ ಬಳಸಬಾರದು.

ಎರಡು ಗಿಡಗಳ ವಿಷಯದಲ್ಲಿ ಎಚ್ಚರ ಬೇಕು. ಮೊದಲನೆಯದು, ನೆಲಕ್ಕಂಟಿ ಹರಡುವ ಯುಫೋರ್ಬಿಯಾ ಜಾತಿಯ ಹಾಲುಗಿಡಗಳು. ದೂರದಿಂದ ನೋಡಿದವರಿಗೆ ಇವು ಎಳೆಯ ಗೋಣಿಯಂತೆ ಕಾಣಬಹುದು. ಆದರೆ ಇವುಗಳ ಕಾಂಡ ತೆಳ್ಳಗಿರುತ್ತದೆ, ಮುರಿದಾಗ ಬಿಳಿಯ ಹಾಲು ಒಸರುತ್ತದೆ. ಈ ಹಾಲು ಬಾಯಿ, ಹೊಟ್ಟೆ ಮತ್ತು ಕಣ್ಣುಗಳಿಗೆ ಉರಿ ಉಂಟುಮಾಡುತ್ತದೆ. ಗೋಣಿ ಸೊಪ್ಪಿನ ಕಾಂಡವನ್ನು ಮುರಿದರೆ ಬರುವುದು ನೀರಿನಂತಹ ತಿಳಿಯಾದ ರಸ ಮಾತ್ರ. ಆದುದರಿಂದ ಸಂಶಯವಿದ್ದಾಗಲೆಲ್ಲ ಒಂದು ಕವಲನ್ನು ಮುರಿದು ನೋಡಿರಿ; ಹಾಲು ಬಂದರೆ ಅದನ್ನು ಬಳಸಲೇಬೇಡಿ. ಎರಡನೆಯದು, ಟ್ರಯಾಂಥಿಮಾ ಎಂಬ ಕಳೆ. ಇದರ ಎಲೆಗಳು ಎದುರುಬದುರಾಗಿದ್ದು, ಪ್ರತಿ ಜೋಡಿಯಲ್ಲಿ ಒಂದು ದೊಡ್ಡದು, ಇನ್ನೊಂದು ಚಿಕ್ಕದು. ಬಿಳಿ ಅಥವಾ ನಸುಗೆಂಪು ಹೂವುಗಳು ಎಲೆಯ ಬುಡದಲ್ಲಿ ಅಡಗಿರುತ್ತವೆ. ಇದರ ಬಲಿತ ಎಲೆಗಳು ಭೇದಿಯನ್ನು ಉಂಟುಮಾಡಬಲ್ಲವಾದ್ದರಿಂದ ಗೋಣಿಯೊಂದಿಗೆ ಬೆರೆಯದಂತೆ ನೋಡಿಕೊಳ್ಳುವುದು ಉತ್ತಮ.

ಇದು ಏಕೆ ಇಷ್ಟು ಹಟಮಾರಿ ಕಳೆ?

ಈ ಗಿಡದ ಬಾಳುವೆಯ ರೀತಿಯನ್ನು ಅರಿತರೆ ಅದರ ನಿಯಂತ್ರಣವೂ ಬಳಕೆಯೂ ಸುಲಭವಾಗುತ್ತವೆ. ಜೋಳ, ಮೆಕ್ಕೆಜೋಳ, ಕಬ್ಬುಗಳಂತೆ ಗೋಣಿಯೂ ಸಿ-4 ವಿಧಾನದಿಂದ ಆಹಾರ ತಯಾರಿಸಿಕೊಳ್ಳುವ ಸಸ್ಯ. ಆದ್ದರಿಂದ ಬಿಸಿಲು ಮತ್ತು ಉಷ್ಣತೆ ಹೆಚ್ಚಿದಷ್ಟೂ ಚುರುಕಾಗಿ ಬೆಳೆಯುತ್ತದೆ. ನೀರಿನ ಕೊರತೆಯಾದಾಗ ಇದು ಮತ್ತೊಂದು ವಿಧಾನಕ್ಕೆ ತಿರುಗುತ್ತದೆ. ಪಾಪಾಸುಕಳ್ಳಿಯಂತೆ ರಾತ್ರಿಯ ತಂಪಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲಿನಲ್ಲಿ ಬಳಸಿಕೊಳ್ಳುತ್ತದೆ. ಮಳೆ ಕೈಕೊಟ್ಟ ದಿನಗಳಲ್ಲಿ ಬೆಳಗಿನ ಜಾವ ಕೊಯ್ದ ಸೊಪ್ಪು ಹೆಚ್ಚು ಹುಳಿಯಾಗಿಯೂ, ಇಳಿಹೊತ್ತಿನಲ್ಲಿ ಕೊಯ್ದದ್ದು ಸಪ್ಪೆಯಾಗಿಯೂ ಇರುವುದಕ್ಕೆ ಇದೇ ಕಾರಣ.

ಒಂದು ಸಮೃದ್ಧ ಗಿಡವು ಎರಡು ಲಕ್ಷಕ್ಕೂ ಹೆಚ್ಚು ಬೀಜಗಳನ್ನು ಉತ್ಪಾದಿಸಬಲ್ಲದು. ಮಣ್ಣಿನಲ್ಲಿ ಹೂತುಹೋದ ಬೀಜಗಳು ದಶಕಗಳ ಕಾಲ ಜೀವ ಹಿಡಿದಿರುತ್ತವೆ. ಮೇಲ್ಮಣ್ಣಿಗೆ ಬಂದು ಬೆಳಕು ತಗುಲಿದೊಡನೆ ಮೊಳೆಯುತ್ತವೆ. ಪ್ರತಿ ಬಾರಿ ಎಡೆಕುಂಟೆ ಹೊಡೆದ ಮೇಲೂ ಹೊಸ ತಂಡವೊಂದು ಏಳುವುದು ಇದರಿಂದಲೇ. ಮೊಳೆತ ನಾಲ್ಕರಿಂದ ಆರು ವಾರಗಳಲ್ಲಿ ಹೂಬಿಡುವ ಗಿಡವು, ಹೂಬಿಟ್ಟ ಎರಡು ವಾರಗಳ ಆಸುಪಾಸಿನಲ್ಲಿ ಬೀಜ ಉದುರಿಸಲು ಆರಂಭಿಸುತ್ತದೆ. ಇದಲ್ಲದೆ, ಕಿತ್ತು ಸಾಲಿನಲ್ಲಿಯೇ ಬಿಟ್ಟ ಗಿಡವು ಕಾಂಡದಲ್ಲಿರುವ ನೀರಿನ ಬಲದಿಂದ ಹಲವು ದಿನ ಬದುಕಿರುತ್ತದೆ. ತೇವ ಸಿಕ್ಕರೆ ಮತ್ತೆ ಬೇರು ಬಿಡುತ್ತದೆ. ಹೂಬಿಟ್ಟ ಗಿಡವಾದರೆ ಬಿದ್ದಲ್ಲಿಯೇ ಬೀಜವನ್ನು ಬಲಿಯಿಸುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಅನುಕೂಲವಿದೆ. ಗೋಣಿ ಸೊಪ್ಪು ಅಡುಗೆಗೆ ಅತ್ಯಂತ ಯೋಗ್ಯವಾಗಿರುವುದು ಹೂಬಿಡುವ ಮುನ್ನ, ಅಂದರೆ ಮೊಳೆತ ಮೂರರಿಂದ ಐದು ವಾರಗಳೊಳಗೆ. ಕಳೆಯಾಗಿ ಅದನ್ನು ತೆಗೆಯಬೇಕಾದ ಕಾಲವೂ ಅದೇ. ಈರುಳ್ಳಿಯಂತಹ ಬೆಳೆಯ ಎಲೆಗಳು ನೆಲಕ್ಕೆ ನೆರಳು ಕೊಡಲಾರವು. ಮೊದಲ ಆರರಿಂದ ಎಂಟು ವಾರ ಹೊಲವನ್ನು ಕಳೆಮುಕ್ತವಾಗಿ ಇರಿಸದಿದ್ದರೆ ಇಳುವರಿ ಕುಸಿಯುತ್ತದೆ. ಆ ಅವಧಿಯಲ್ಲಿ ಹೂಬಿಡುವ ಮೊದಲೇ ಗೋಣಿಯನ್ನು ಕಿತ್ತು ಹೊಲದಿಂದ ಹೊರಗೆ ಒಯ್ದರೆ ಆ ವರ್ಷದ ಸೊಪ್ಪೂ ದೊರೆಯಿತು, ಮುಂದಿನ ವರ್ಷಗಳ ಬೀಜಸಂಗ್ರಹವೂ ತಗ್ಗಿತು. ಕಿತ್ತದ್ದನ್ನು ಸಾಲಿನಲ್ಲಿ ಬಿಡದೆ ಮನೆಗೆ ಒಯ್ಯುವ ನಮ್ಮ ಮಹಿಳೆಯರ ರೂಢಿ ಕಳೆ ನಿರ್ವಹಣೆಯ ದೃಷ್ಟಿಯಿಂದಲೂ ಸರಿಯಾದ ಕ್ರಮವೇ ಆಗಿದೆ.

ಬೆಳೆಗಾರರು ಇನ್ನೊಂದು ಕಾರಣಕ್ಕೂ ಇದನ್ನು ಹೊಲದಲ್ಲಿ ಉಳಿಸಿಕೊಳ್ಳಬಾರದು. ಗೋಣಿಯು ಬೇರುಗಂಟು ಜಂತುಹುಳುವಿಗೂ, ಸೌತೆ ಮೊಸಾಯಿಕ್ ನಂಜುರೋಗದ ವೈರಾಣುವಿಗೂ ಆಶ್ರಯ ನೀಡುತ್ತದೆ. ಟೊಮೆಟೊ, ಮೆಣಸಿನಕಾಯಿ ಮತ್ತು ಸೌತೆ ಜಾತಿಯ ಬೆಳೆಗಳಲ್ಲಿ ‘ತಿನ್ನುವ ಸೊಪ್ಪು ತಾನೆ’ ಎಂದು ಬದುಗಳಲ್ಲಿ ಬಿಟ್ಟ ಗಿಡವೇ ರೋಗದ ಮೂಲವಾಗಬಹುದು.

ಪೋಷಕಾಂಶಗಳು: ಎಷ್ಟು, ಎಷ್ಟರಮಟ್ಟಿಗೆ?

100 ಗ್ರಾಂ ಹಸಿ ಗೋಣಿ ಸೊಪ್ಪಿನಲ್ಲಿ ಸುಮಾರು 93 ಗ್ರಾಂ ನೀರು, 2 ಗ್ರಾಂ ಸಸಾರಜನಕ ಮತ್ತು 20 ಕಿಲೋ ಕ್ಯಾಲೊರಿ ಶಕ್ತಿ ಇರುತ್ತದೆ. ಪೊಟ್ಯಾಸಿಯಂ ಸುಮಾರು 490 ಮಿಲಿಗ್ರಾಂ, ಮೆಗ್ನೀಸಿಯಂ 68 ಮಿಲಿಗ್ರಾಂ, ಸುಣ್ಣದ ಅಂಶ 65 ಮಿಲಿಗ್ರಾಂ, ಕಬ್ಬಿಣ 2 ಮಿಲಿಗ್ರಾಂ ಹಾಗೂ ‘ಸಿ’ ಜೀವಸತ್ವ 20 ಮಿಲಿಗ್ರಾಂ ಆಸುಪಾಸಿನಲ್ಲಿವೆ. ಮಣ್ಣು, ತಳಿ ಮತ್ತು ಕೊಯ್ಲಿನ ಹಂತಕ್ಕೆ ತಕ್ಕಂತೆ ಈ ಪ್ರಮಾಣಗಳು ವ್ಯತ್ಯಾಸವಾಗುತ್ತವೆ.

ಈ ಸೊಪ್ಪಿಗೆ ಜಗತ್ತಿನಾದ್ಯಂತ ಹೆಸರು ಬಂದದ್ದು ಒಮೆಗಾ-3 ಕೊಬ್ಬಿನಾಮ್ಲದಿಂದ. 1986ರಲ್ಲಿ ಅಮೆರಿಕದ ಸಂಶೋಧಕರಾದ ಆರ್ಟೆಮಿಸ್ ಸಿಮೊಪೌಲಸ್ ಮತ್ತು ನಾರ್ಮನ್ ಸಾಲೆಮ್ ಅವರು ಗೋಣಿ ಸೊಪ್ಪು ಈ ಕೊಬ್ಬಿನಾಮ್ಲದ ಉತ್ತಮ ಸಸ್ಯಮೂಲವೆಂದು ವರದಿ ಮಾಡಿದರು. 100 ಗ್ರಾಂ ಹಸಿ ಎಲೆಯಲ್ಲಿ 300ರಿಂದ 400 ಮಿಲಿಗ್ರಾಂ ಆಲ್ಫಾ ಲಿನೋಲೆನಿಕ್ ಆಮ್ಲ ಇರುತ್ತದೆ. ಸೊಪ್ಪು ತರಕಾರಿಗಳ ಪೈಕಿ ಇದು ಹೆಚ್ಚಿನ ಪ್ರಮಾಣವೇ ಸರಿ. ಆದರೆ ಇದನ್ನು ಮೀನೆಣ್ಣೆಗೆ ಸಮವೆಂದು ಹೇಳುವ ಪ್ರಚಾರವನ್ನು ನಂಬಬೇಡಿರಿ. ಮೀನಿನಲ್ಲಿರುವ ಒಮೆಗಾ-3 ಬೇರೆ ರೂಪದ್ದು. ಸಸ್ಯಮೂಲದ ರೂಪವನ್ನು ನಮ್ಮ ದೇಹವು ಅಲ್ಪ ಪ್ರಮಾಣದಲ್ಲಿ ಮಾತ್ರ ಆ ರೂಪಕ್ಕೆ ಪರಿವರ್ತಿಸಿಕೊಳ್ಳುತ್ತದೆ. ಇನ್ನೊಂದು ಹೋಲಿಕೆಯನ್ನೂ ಗಮನಿಸಿ: ಒಂದು ಚಹಾ ಚಮಚ ಅಗಸೆ ಪುಡಿಯಲ್ಲಿರುವ ಆಲ್ಫಾ ಲಿನೋಲೆನಿಕ್ ಆಮ್ಲವು 100 ಗ್ರಾಂ ಗೋಣಿ ಸೊಪ್ಪಿನಲ್ಲಿರುವುದಕ್ಕಿಂತ ಹೆಚ್ಚು. ಜೋಳದ ರೊಟ್ಟಿ, ಗೋಳಿ ಪಲ್ಯ ಮತ್ತು ಅಗಸಿ ಚಟ್ನಿಪುಡಿ ಒಟ್ಟಿಗೆ ಇರುವ ಉತ್ತರ ಕರ್ನಾಟಕದ ಊಟದಲ್ಲಿ ಈ ಎರಡೂ ಮೂಲಗಳು ಕೂಡಿಕೊಂಡಿವೆ.

ಆಕ್ಸಲೇಟ್: ತಿಳಿದಿರಲೇಬೇಕಾದ ಅಂಶ

ಗೋಣಿ ಸೊಪ್ಪಿನಲ್ಲಿ ಪಾಲಕ್ ಸೊಪ್ಪಿನಂತೆಯೇ ಆಕ್ಸಲೇಟ್ ಅಧಿಕವಾಗಿದೆ. ಆಕ್ಸಲೇಟ್ ಸುಣ್ಣದ ಅಂಶದೊಡನೆ ಸೇರಿ ಕರಗದ ಹರಳಾಗುತ್ತದೆ. ಇದರಿಂದ ಎರಡು ಪರಿಣಾಮಗಳುಂಟು. ಒಂದು, ಸೊಪ್ಪಿನಲ್ಲಿರುವ ಸುಣ್ಣದ ಅಂಶದ ಬಹುಭಾಗ ದೇಹಕ್ಕೆ ದಕ್ಕುವುದಿಲ್ಲ; ಆದ್ದರಿಂದ ಇದನ್ನು ಸುಣ್ಣದ ಮೂಲವೆಂದು ಲೆಕ್ಕ ಹಿಡಿಯಬಾರದು. ಎರಡು, ಹೆಚ್ಚು ಆಕ್ಸಲೇಟ್ ರಕ್ತ ಸೇರಿದರೆ ಮೂತ್ರಪಿಂಡದಲ್ಲಿ ಕಲ್ಲು ಉಂಟಾಗುವ ಸಂಭವ ಹೆಚ್ಚುತ್ತದೆ. ಬಿಸಿಲಿನಲ್ಲಿ ದುಡಿಯುತ್ತ ನೀರು ಕಡಿಮೆ ಕುಡಿಯುವ ಕೃಷಿಕರಿಗೆ ಈ ಎಚ್ಚರಿಕೆ ಹೆಚ್ಚು ಅನ್ವಯಿಸುತ್ತದೆ.

ಇದಕ್ಕೆ ಅಡುಗೆಮನೆಯಲ್ಲಿಯೇ ಸರಳ ಪರಿಹಾರಗಳಿವೆ.

ಮೊದಲನೆಯದಾಗಿ, ಸೊಪ್ಪನ್ನು ಧಾರಾಳ ನೀರಿನಲ್ಲಿ ಐದು ನಿಮಿಷ ಕುದಿಸಿ, ನೀರನ್ನು ಬಸಿದು ಚೆಲ್ಲಿರಿ. ಕರಗುವ ಆಕ್ಸಲೇಟ್‌ನ ಒಂದು ಭಾಗ ನೀರಿನೊಂದಿಗೆ ಹೋಗುತ್ತದೆ. ‘ಸಿ’ ಜೀವಸತ್ವವೂ ಸ್ವಲ್ಪ ನಷ್ಟವಾಗುತ್ತದೆ. ಅದನ್ನು ಊಟದಲ್ಲಿ ನಿಂಬೆರಸದಿಂದ ತುಂಬಿಕೊಳ್ಳಬಹುದು.

ಎರಡನೆಯದಾಗಿ, ಮೊಸರಿನೊಡನೆ ಬಳಸಿರಿ. ಮೊಸರಿನಲ್ಲಿರುವ ಸುಣ್ಣದ ಅಂಶವು ಆಕ್ಸಲೇಟ್ ಅನ್ನು ಕರುಳಿನಲ್ಲಿಯೇ ಹಿಡಿದಿಟ್ಟು, ರಕ್ತಕ್ಕೆ ಸೇರದಂತೆ ಮಾಡುತ್ತದೆ. ಗೋಣಿ ಸೊಪ್ಪಿಗೆ ಮೊಸರು ಬೆರೆಸಿದಾಗ ಕರಗುವ ಆಕ್ಸಲೇಟ್ ಕಡಿಮೆಯಾಗುವುದನ್ನು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ.

ಮೂರನೆಯದಾಗಿ, ಬಸ್ಸಾರಿನ ವಿಷಯದಲ್ಲಿ ಎಚ್ಚರವಹಿಸಿರಿ. ಹಳೆಯ ಮೈಸೂರು ಭಾಗದಲ್ಲಿ ಸೊಪ್ಪು ಬೇಯಿಸಿದ ಕಟ್ಟನ್ನೇ ಸಾರಿಗೆ ಬಳಸುವುದರಿಂದ ನೀರಿಗೆ ಇಳಿದ ಆಕ್ಸಲೇಟ್ ಮತ್ತೆ ತಟ್ಟೆಗೆ ಬರುತ್ತದೆ. ಗೋಣಿ ಸೊಪ್ಪನ್ನು ಬಸ್ಸಾರಿಗೆ ಬಳಸುವುದಾದರೆ ಅದನ್ನು ಪ್ರತ್ಯೇಕವಾಗಿ ಬೇಯಿಸಿ ಆ ನೀರನ್ನು ಚೆಲ್ಲಿ, ಬೇಳೆಯ ಕಟ್ಟನ್ನು ಮಾತ್ರ ಸಾರಿಗೆ ಉಪಯೋಗಿಸುವುದು ಸೂಕ್ತ.

ಅಡುಗೆಯಲ್ಲಿ ಬಳಕೆ

ಕೊಯ್ಲು ಮತ್ತು ಸ್ವಚ್ಛತೆ: ಬುಡದ ಗಟ್ಟಿ ಕಾಂಡವನ್ನು ಬಿಟ್ಟು, ತುದಿಯ 8-10 ಸೆಂ.ಮೀ. ಉದ್ದದ ಎಳೆಯ ಕುಡಿಗಳನ್ನು ಮಾತ್ರ ಚಿವುಟಿಕೊಳ್ಳಿರಿ. ನೆಲಕ್ಕಂಟಿ ಬೆಳೆಯುವುದರಿಂದ ಎಲೆಯ ಸಂದುಗಳಲ್ಲಿ ಮರಳು ಸೇರಿರುತ್ತದೆ. ಅಗಲವಾದ ಪಾತ್ರೆಯ ನೀರಿನಲ್ಲಿ ಮುಳುಗಿಸಿ, ಮೇಲಕ್ಕೆತ್ತಿ, ನೀರು ಬದಲಿಸುತ್ತ ಮೂರು ಬಾರಿ ತೊಳೆಯಿರಿ. ಹೊಲದಿಂದ ತಂದ ಸೊಪ್ಪನ್ನು ಹಸಿಯಾಗಿ ತಿನ್ನುವ ಬದಲು ಬೇಯಿಸಿಯೇ ತಿನ್ನುವುದು ಸುರಕ್ಷಿತ.

ಗೋಳಿ ಪಲ್ಯ: ಕಾಲು ಕಿಲೋ ಸೊಪ್ಪಿಗೆ ಅರ್ಧ ಬಟ್ಟಲು ಹೆಸರುಬೇಳೆ ಸಾಕು. ಬೇಳೆಯನ್ನು ಅರ್ಧ ಗಂಟೆ ನೆನೆಸಿ, ಮೆತ್ತಗಾಗುವಂತೆ ಆದರೆ ಕರಗದಂತೆ ಬೇಯಿಸಿಕೊಳ್ಳಿ. ಸೊಪ್ಪನ್ನು ಪ್ರತ್ಯೇಕವಾಗಿ ಕುದಿಸಿ ನೀರು ಬಸಿಯಿರಿ. ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಆರು ಎಸಳು ಬೆಳ್ಳುಳ್ಳಿ, ಮೂರು ಹಸಿಮೆಣಸಿನಕಾಯಿ ಮತ್ತು ಹೆಚ್ಚಿದ ಒಂದು ಈರುಳ್ಳಿಯ ಒಗ್ಗರಣೆ ಮಾಡಿ, ಅರಿಶಿನ ಹಾಕಿ, ಬೇಳೆ ಮತ್ತು ಸೊಪ್ಪನ್ನು ಸೇರಿಸಿ ಐದು ನಿಮಿಷ ಸಣ್ಣ ಉರಿಯಲ್ಲಿ ಬಾಡಿಸಿರಿ. ಸೊಪ್ಪಿಗೆ ಸಹಜವಾಗಿಯೇ ಹುಳಿ-ಉಪ್ಪಿನ ರುಚಿ ಇರುವುದರಿಂದ ಉಪ್ಪನ್ನು ಕೊನೆಯಲ್ಲಿ, ರುಚಿ ನೋಡಿಯೇ ಹಾಕಬೇಕು. ಜೋಳದ ರೊಟ್ಟಿ ಅಥವಾ ಸಜ್ಜೆ ರೊಟ್ಟಿಗೆ ಇದು ಹೊಂದಿಕೊಳ್ಳುತ್ತದೆ.

ಮೊಸರು ಬಜ್ಜಿ: ಬಸಿದ ಸೊಪ್ಪನ್ನು ಸಣ್ಣಗೆ ಹೆಚ್ಚಿ, ಪೂರ್ತಿ ಆರಿದ ಮೇಲೆ ಗಟ್ಟಿ ಮೊಸರಿಗೆ ಬೆರೆಸಿ, ಸಾಸಿವೆ, ಇಂಗು, ಒಣಮೆಣಸಿನಕಾಯಿ ಒಗ್ಗರಣೆ ಕೊಡಿರಿ. ಬಿಸಿ ಸೊಪ್ಪು ಹಾಕಿದರೆ ಮೊಸರು ಒಡೆಯುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಈ ವಿಧಾನವೇ ಮೇಲು.

ಮಸ್ಸೊಪ್ಪು ಮತ್ತು ಬೆರಕೆ ಸೊಪ್ಪು: ಗೋಣಿ ಸೊಪ್ಪಿನಲ್ಲಿ ಲೋಳೆಯ ಅಂಶವಿರುವುದರಿಂದ ಸಾರು ತಾನಾಗಿಯೇ ಮಂದವಾಗುತ್ತದೆ. ರಾಗಿ ಮುದ್ದೆಗೆ ಮಾಡುವ ಬೆರಕೆ ಸೊಪ್ಪಿನಲ್ಲಿ ಇದರ ಪಾಲು ಮೂರನೆಯ ಒಂದು ಭಾಗಕ್ಕೆ ಮೀರದಂತೆ ನೋಡಿಕೊಳ್ಳಿ. ಉಳಿದದ್ದು ನುಗ್ಗೆ, ಮೆಂತ್ಯೆಯಂತಹ ಆಕ್ಸಲೇಟ್ ಕಡಿಮೆಯಿರುವ ಸೊಪ್ಪುಗಳಾದರೆ ರುಚಿಯೂ ಸಮತೋಲನವೂ ದೊರೆಯುತ್ತವೆ.

ಆರೋಗ್ಯವಂತರು ವಾರಕ್ಕೆ ಒಂದೆರಡು ಬಾರಿ, ಇತರ ಸೊಪ್ಪುಗಳ ಸರದಿಯಲ್ಲಿ ಒಂದಾಗಿ ಇದನ್ನು ಬಳಸಬಹುದು. ನಿತ್ಯವೂ ಇದೊಂದನ್ನೇ ತಿನ್ನುವುದು ಸಲ್ಲದು.

ಔಷಧೀಯ ಬಳಕೆ: ಸಂಪ್ರದಾಯ ಮತ್ತು ವಿಜ್ಞಾನ

ಆಯುರ್ವೇದದ ಭಾವಪ್ರಕಾಶ ನಿಘಂಟಿನ ಶಾಕವರ್ಗದಲ್ಲಿ ಲೋಣಿ ಮತ್ತು ಬೃಹಲ್ಲೋಣಿ ಎಂಬ ಹೆಸರುಗಳಿಂದ ಸಣ್ಣ ಹಾಗೂ ದೊಡ್ಡ ಗೋಣಿಗಳ ಉಲ್ಲೇಖವಿದೆ. ಯುನಾನಿ ಪದ್ಧತಿಯಲ್ಲಿ ಇದರ ಬೀಜವನ್ನು ತುಖ್ಮ್-ಎ-ಖುರ್ಫಾ ಎಂಬ ಹೆಸರಿನಲ್ಲಿ ಉಷ್ಣ ಶಮನಕ್ಕೆ ಬಳಸುತ್ತಾರೆ. ಚೀನಾದ ಅಧಿಕೃತ ಔಷಧ ಸಂಹಿತೆಯಲ್ಲಿ ಇದು ಆಮಶಂಕೆಯ ಔಷಧಿಯಾಗಿ ಸೇರ್ಪಡೆಯಾಗಿದೆ. ನಮ್ಮ ಹಳ್ಳಿಗಳಲ್ಲಿ ಬೆವರುಸಾಲೆ ಮತ್ತು ಬಿಸಿಲಿನ ಉರಿಗೆ ಎಲೆಯನ್ನು ಅರೆದು ಲೇಪಿಸುವ ರೂಢಿಯಿದೆ. ಎಲೆಯಲ್ಲಿರುವ ಲೋಳೆ ಮತ್ತು ನೀರಿನ ಅಂಶ ಚರ್ಮಕ್ಕೆ ತಂಪು ನೀಡುವುದರಿಂದ ಈ ಬಳಕೆಗೆ ಅರ್ಥವಿದೆ. ಆದರೆ ಚರ್ಮ ಕಿತ್ತುಬಂದ ಸುಟ್ಟಗಾಯ, ಕೀವಾದ ಹುಣ್ಣು ಮತ್ತು ಹಾವು-ಚೇಳು ಕಡಿತಗಳಿಗೆ ಇದನ್ನು ಹಚ್ಚಿ ಕಾಲಹರಣ ಮಾಡಬಾರದು.

ಆಧುನಿಕ ಸಂಶೋಧನೆಯು ಎಲೆ ಮತ್ತು ಬೀಜಗಳಲ್ಲಿ ಉತ್ಕರ್ಷಣ ನಿರೋಧಕ ಹಾಗೂ ಉರಿಯೂತ ಶಮನಕಾರಿ ಗುಣಗಳನ್ನು ಪ್ರಯೋಗಾಲಯ ಮಟ್ಟದಲ್ಲಿ ಗುರುತಿಸಿದೆ. ಬೀಜದ ಪುಡಿಯು ಮಧುಮೇಹಿಗಳ ರಕ್ತದ ಸಕ್ಕರೆ ಮತ್ತು ಕೊಬ್ಬಿನಂಶಗಳ ಮೇಲೆ ಸ್ವಲ್ಪ ಮಟ್ಟಿನ ಅನುಕೂಲಕರ ಪರಿಣಾಮ ಬೀರಿರುವುದು ಕೆಲವು ಪ್ರಯೋಗಗಳಲ್ಲಿ ಕಂಡುಬಂದಿದೆ. ಈ ಪ್ರಯೋಗಗಳು ಚಿಕ್ಕ ಪ್ರಮಾಣದವು, ಅಲ್ಪಾವಧಿಯವು. ವೈದ್ಯರು ಕೊಟ್ಟ ಮಾತ್ರೆಗಳ ಬದಲಿಗೆ ಗೋಣಿ ಬೀಜವನ್ನು ಸೇವಿಸಲು ಅವು ಆಧಾರವಾಗಲಾರವು. ಒಟ್ಟಿನಲ್ಲಿ ಗೋಣಿ ಸೊಪ್ಪು ಉತ್ತಮ ಆಹಾರ. ಕಾಯಿಲೆಗೆ ಚಿಕಿತ್ಸೆಯೆಂದು ಯಾರಾದರೂ ಮಾರಿದರೆ ಕೊಳ್ಳಬೇಡಿರಿ.

ಕೆಳಗಿನವರು ಈ ಸೊಪ್ಪನ್ನು ಬಿಡಬೇಕು ಅಥವಾ ವೈದ್ಯರನ್ನು ಕೇಳಿಯೇ ಬಳಸಬೇಕು:

- ಮೂತ್ರಪಿಂಡದ ಕಲ್ಲು ಇರುವವರು ಅಥವಾ ಹಿಂದೆ ಆಗಿದ್ದವರು.
- ಮೂತ್ರಪಿಂಡದ ಕಾರ್ಯ ಕುಂದಿದವರು. ಇವರಿಗೆ ಆಕ್ಸಲೇಟ್ ಜೊತೆಗೆ ಪೊಟ್ಯಾಸಿಯಂ ಸಹ ಅಪಾಯಕಾರಿ.
- ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ಸೇವಿಸುವವರು. ಇವರು ಯಾವುದೇ ಹಸಿರು ಸೊಪ್ಪಿನ ಪ್ರಮಾಣವನ್ನು ಏಕಾಏಕಿ ಹೆಚ್ಚಿಸಬಾರದು.
- ಗರ್ಭಿಣಿಯರು ಬೀಜ, ಕಷಾಯ ಮತ್ತು ಹಸಿ ರಸವನ್ನು ಔಷಧಿಯ ರೂಪದಲ್ಲಿ ಸೇವಿಸಬಾರದು.

ಹಸಿ ಸೊಪ್ಪಿನ ರಸವನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕುಡಿಯಬೇಕೆಂಬ ಸಲಹೆ ಈಚೆಗೆ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಬೇಯಿಸದ, ಬಸಿಯದ, ಮೊಸರಿಲ್ಲದ ಈ ರೂಪದಲ್ಲಿ ಆಕ್ಸಲೇಟ್ ಪೂರ್ಣ ಪ್ರಮಾಣದಲ್ಲಿ ದೇಹಕ್ಕೆ ಸೇರುತ್ತದೆ. ಇದನ್ನು ಯಾರೂ ಅನುಸರಿಸಬಾರದು.

ಸಿಂಪಡಿಸಿದ ಹೊಲದ ಸೊಪ್ಪು ಬೇಡ

ಈ ಲೇಖನದ ಅತಿ ಮುಖ್ಯ ಭಾಗವಿದು. ಈರುಳ್ಳಿಯಲ್ಲಿ ಪೆಂಡಿಮೆಥಾಲಿನ್ ಮತ್ತು ಆಕ್ಸಿಫ್ಲೋರ್ಫೆನ್, ಮೆಕ್ಕೆಜೋಳದಲ್ಲಿ ಅಟ್ರಜಿನ್, ಶೇಂಗಾ ಮತ್ತು ಸೋಯಾಅವರೆಯಲ್ಲಿ ಇಮಾಜೆಥಪಿರ್ ಮುಂತಾದ ಕಳೆನಾಶಕಗಳು ಬಳಕೆಯಲ್ಲಿವೆ. ಬದುಗಳ ಮೇಲೆ ಗ್ಲೈಫೋಸೇಟ್, 2,4-ಡಿ ಹೊಡೆಯುವುದೂ ಉಂಟು. ಇಂತಹ ಹೊಲದಲ್ಲಿ ಉಳಿದ ಅಥವಾ ಮತ್ತೆ ಮೊಳೆತ ಗೋಣಿ ನೋಡಲು ಆರೋಗ್ಯವಾಗಿಯೇ ಇರಬಹುದು. ಗ್ಲೈಫೋಸೇಟ್ ಸಿಂಪಡಿಸಿದ ಗಿಡ ಬಾಡಲು ಹಲವು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಅದು ಹಸಿರಾಗಿಯೇ ಇರುತ್ತದೆ. ಅಂತರ್ವ್ಯಾಪಿ ಔಷಧಿ ಗಿಡದ ಒಳಗೆ ಸೇರಿರುವುದರಿಂದ ಎಷ್ಟು ತೊಳೆದರೂ ಹೋಗುವುದಿಲ್ಲ.

ಔಷಧಿಯ ಡಬ್ಬಿಯ ಮೇಲೆ ‘ಸಿಂಪಡಣೆಯ ನಂತರ ಇಷ್ಟು ದಿನ ಕಾಯಬೇಕು’ ಎಂದು ಬರೆದಿರುತ್ತದಲ್ಲವೇ ಎಂದು ಕೆಲವರು ಕೇಳುತ್ತಾರೆ. ಆ ಅವಧಿಯನ್ನು ನಿಗದಿಪಡಿಸಿರುವುದು ಬೆಳೆಗೆ, ಬೆಳೆಯ ತಿನ್ನುವ ಭಾಗಕ್ಕೆ. ಈರುಳ್ಳಿ ಗಡ್ಡೆಯ ಲೆಕ್ಕವನ್ನು ಅದರ ಪಕ್ಕದಲ್ಲಿ ನೇರವಾಗಿ ಸಿಂಪಡಣೆಗೆ ಒಡ್ಡಿಕೊಂಡ ಕಳೆಯ ಎಲೆಗೆ ಅನ್ವಯಿಸಲು ಬರುವುದಿಲ್ಲ. ಆದ್ದರಿಂದ ಕಳೆನಾಶಕ ಬಳಸಿದ ಹೊಲದಿಂದ ಆ ಹಂಗಾಮು ಮುಗಿಯುವವರೆಗೆ ಯಾವುದೇ ಕಳೆಸೊಪ್ಪನ್ನು ಆಹಾರಕ್ಕೆ ತೆಗೆಯಬಾರದು. ಥ್ರಿಪ್ಸ್ ಮುಂತಾದ ಕೀಟಗಳಿಗೆ ಸಿಂಪಡಿಸಿದ ಹೊಲಕ್ಕೂ, ಮಣ್ಣಿಗೆ ಹರಳು ರೂಪದ ಕೀಟನಾಶಕ ಹಾಕಿದ ಹೊಲಕ್ಕೂ ಇದೇ ನಿಯಮ.

ಹೊಲದ ಒಡೆಯರಲ್ಲಿ ಒಂದು ವಿನಂತಿ. ಏನು ಸಿಂಪಡಿಸಿದ್ದೀರಿ ಎಂಬುದು ನಿಮಗೆ ಗೊತ್ತು. ಕಳೆ ತೆಗೆಯಲು ಬರುವ ಕೂಲಿ ಮಹಿಳೆಯರಿಗೆ ಗೊತ್ತಿರುವುದಿಲ್ಲ. ಅವರು ಕೇಳುವುದೂ ಇಲ್ಲ, ಸೊಪ್ಪು ಒಯ್ಯುವಾಗ ನಿಮಗೆ ಹೇಳುವುದೂ ಇಲ್ಲ. ಆ ಸೊಪ್ಪು ಅವರ ಮಕ್ಕಳ ತಟ್ಟೆಗೆ ಹೋಗುತ್ತದೆ. ಆದುದರಿಂದ ಕೆಲಸ ಆರಂಭವಾಗುವ ಮುನ್ನವೇ ‘ಈ ಹೊಲಕ್ಕೆ ಔಷಧಿ ಹೊಡೆದಿದ್ದೇವೆ, ಇಲ್ಲಿನ ಸೊಪ್ಪು ತಿನ್ನಲು ಒಯ್ಯಬೇಡಿ’ ಎಂದು ಬಾಯಿಬಿಟ್ಟು ಹೇಳುವುದು ನಿಮ್ಮ ಕರ್ತವ್ಯ. ಸಿಂಪಡಿಸದೆ ಬಿಟ್ಟ ಒಂದು ಮೂಲೆಯಿದ್ದರೆ ಅದನ್ನು ತೋರಿಸಿಕೊಡಿ.

ಕೂಲಿಗೆ ಹೋಗುವ ತಾಯಂದಿರು ಮತ್ತು ಅಕ್ಕತಂಗಿಯರು ಸೊಪ್ಪು ಆರಿಸುವ ಮುನ್ನ ಹೊಲದವರನ್ನು ಕೇಳಬೇಕು. ಉತ್ತರ ಸ್ಪಷ್ಟವಾಗಿರದಿದ್ದರೆ ಸೊಪ್ಪನ್ನು ಬಿಟ್ಟುಬಿಡಬೇಕು. ತಿಂದ ಮೇಲೆ ವಾಂತಿ, ಹೊಟ್ಟೆನೋವು, ಜೊಲ್ಲು ಸುರಿಯುವಿಕೆ, ಅತಿಯಾದ ಬೆವರು, ಕಣ್ಣು ಮಂಜಾಗುವಿಕೆ ಕಂಡುಬಂದರೆ ಮನೆಮದ್ದು ಮಾಡುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹೊಲದಲ್ಲಿ ಬಳಸಿದ ಔಷಧಿಯ ಡಬ್ಬಿ ಅಥವಾ ಅದರ ಚೀಟಿಯನ್ನು ಜೊತೆಗೆ ಒಯ್ದರೆ ವೈದ್ಯರಿಗೆ ಚಿಕಿತ್ಸೆ ಸುಲಭವಾಗುತ್ತದೆ.

ಇವುಗಳ ಜೊತೆಗೆ ಚರಂಡಿ ನೀರು ಹಾಯಿಸುವ ಜಮೀನು, ಹೆದ್ದಾರಿಯ ಅಂಚು, ಕಾರ್ಖಾನೆ ಹಾಗೂ ಕಸದ ಗುಂಡಿಗಳ ಸುತ್ತಲಿನ ಸೊಪ್ಪನ್ನೂ ಬಳಸಬಾರದು. ಎಲೆ ತರಕಾರಿಗಳು ಸೀಸ, ಕ್ಯಾಡ್ಮಿಯಂನಂತಹ ಭಾರಲೋಹಗಳನ್ನು ಹೀರಿಕೊಳ್ಳಬಲ್ಲವು. ಯೂರಿಯಾ ಮೇಲುಗೊಬ್ಬರ ಕೊಟ್ಟ ಬೆನ್ನಿಗೇ ಕೊಯ್ದ ಸೊಪ್ಪಿನಲ್ಲಿ ನೈಟ್ರೇಟ್ ಹೆಚ್ಚಿರುವುದರಿಂದ ಅದನ್ನೂ ತಪ್ಪಿಸಿರಿ.

ಮನೆಯಂಗಳದಲ್ಲಿ ಬೆಳೆಯುವ ಕ್ರಮ

ಹೊಲದ ಸೊಪ್ಪು ನಂಬಲರ್ಹವಲ್ಲದಿದ್ದರೆ ಮನೆಯಲ್ಲಿಯೇ ಬೆಳೆದುಕೊಳ್ಳುವುದು ಕಷ್ಟವಲ್ಲ. ಉತ್ತರ ಭಾರತದಲ್ಲಿ ಕುಲ್ಫಾ ಎಂಬ ಹೆಸರಿನಲ್ಲಿ ಇದನ್ನು ತರಕಾರಿ ಬೆಳೆಯಾಗಿಯೇ ಬೆಳೆಯುತ್ತಾರೆ. ಅಗಲ ಎಲೆಯ, ನೇರವಾಗಿ ಬೆಳೆಯುವ ಬಗೆಗಳಿವೆ. ನೆಲದಲ್ಲಿ ಬೀಜ ಹರಡಿ ಹೊಸ ಕಳೆಯಾಗದಂತೆ ಕುಂಡ ಅಥವಾ ಹಳೆಯ ತೊಟ್ಟಿಯಲ್ಲಿ ಬೆಳೆಯುವುದು ಸೂಕ್ತ.

ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿರಿ. ನೀರು ಬಸಿದುಹೋಗುವಂತಿರಬೇಕು. ಬೀಜವನ್ನು ಹತ್ತು ಪಟ್ಟು ಒಣ ಮರಳಿನೊಡನೆ ಬೆರೆಸಿ ಮೇಲೆಯೇ ಚೆಲ್ಲಿ, ಅಂಗೈಯಿಂದ ಮೆಲ್ಲನೆ ಒತ್ತಿರಿ. ಮೊಳೆಯಲು ಬೆಳಕು ಬೇಕಾದ್ದರಿಂದ ಮಣ್ಣು ಮುಚ್ಚಬಾರದು. ಬೆಚ್ಚಗಿನ ಹವೆಯಲ್ಲಿ ಒಂದು ವಾರದೊಳಗೆ ಮೊಳಕೆ ಕಾಣುತ್ತದೆ. ಬೀಜವಿಲ್ಲದಿದ್ದರೆ ರೋಗರಹಿತ ಗಿಡದ ಬೆರಳುದ್ದದ ಕವಲುಗಳನ್ನು ನೆಟ್ಟರೂ ಬೇರು ಹಿಡಿಯುತ್ತವೆ. ಪೂರ್ಣ ಬಿಸಿಲಿರಲಿ, ನೀರು ಹದವಾಗಿರಲಿ. ಮೊಳೆತ 30-35 ದಿನಗಳಲ್ಲಿ ಬುಡದಿಂದ ಎರಡು ಗೆಣ್ಣು ಬಿಟ್ಟು ಮೊದಲ ಕೊಯ್ಲು ಮಾಡಿರಿ. ಮತ್ತೆ ಚಿಗುರಿದ್ದನ್ನು ಎರಡು-ಮೂರು ಬಾರಿ ಕೊಯ್ಯಬಹುದು. ಹಳದಿ ಮೊಗ್ಗು ಕಂಡ ಕೂಡಲೇ ಚಿವುಟಿ ತೆಗೆಯಿರಿ. ಬೀಜಕ್ಕಾಗಿ ಒಂದೇ ಗಿಡ ಉಳಿಸಿಕೊಂಡರೆ ಸಾಕು.

ಜಾನುವಾರುಗಳಿಗೆ

ಕೋಳಿಗಳು ಗೋಣಿಯನ್ನು ಇಷ್ಟಪಟ್ಟು ತಿನ್ನುತ್ತವೆ. ದನ, ಕುರಿ, ಮೇಕೆಗಳಿಗೆ ಇತರ ಮೇವಿನೊಡನೆ ಬೆರೆಸಿ ಸ್ವಲ್ಪ ಕೊಡಬಹುದು. ಹಸಿದ ಜಾನುವಾರುಗಳಿಗೆ ಇದನ್ನೇ ರಾಶಿ ಹಾಕಿದರೆ ಆಕ್ಸಲೇಟ್ ಮತ್ತು ನೈಟ್ರೇಟ್ ವಿಷಬಾಧೆ ಉಂಟಾಗಬಹುದು. ಹೂ-ಕಾಯಿ ಬಿಟ್ಟ ಗಿಡಗಳನ್ನು ತಿಪ್ಪೆಗೆ ನೇರವಾಗಿ ಎಸೆಯಬೇಡಿ. ಬೀಜ ಗೊಬ್ಬರದೊಂದಿಗೆ ಮತ್ತೆ ಹೊಲ ಸೇರುತ್ತದೆ. ಅವನ್ನು ಬಿಸಿಲಿನಲ್ಲಿ ಕಲ್ಲಿನ ಅಥವಾ ಸಿಮೆಂಟ್ ಕಣದ ಮೇಲೆ ಪೂರ್ತಿ ಒಣಗಿಸಿ ಸುಡುವುದು ಅಥವಾ ಆಳವಾದ ಗುಂಡಿಯಲ್ಲಿ ಹೂಳುವುದು ಲೇಸು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಕಳೆ ನಿರ್ವಹಣೆಯ ತರಬೇತಿಗಳಿಗೆ ಸಾಮಾನ್ಯವಾಗಿ ಬರುವವರು ಹೊಲದ ಒಡೆಯರು. ಕಳೆಸೊಪ್ಪನ್ನು ಆರಿಸಿ ಒಯ್ಯುವ ಮಹಿಳೆಯರು ಆ ಸಭೆಗಳಲ್ಲಿ ಇರುವುದಿಲ್ಲ. ಸ್ವಸಹಾಯ ಸಂಘಗಳ ಸಭೆ, ಅಂಗನವಾಡಿ ಮತ್ತು ಉದ್ಯೋಗ ಖಾತರಿ ಕೆಲಸದ ಸ್ಥಳಗಳಲ್ಲಿ ಈ ವಿಷಯವನ್ನು ತಿಳಿಸಿರಿ. ಗೋಣಿ ಮತ್ತು ಹಾಲುಗಿಡಗಳ ಹಸಿ ಮಾದರಿಗಳನ್ನು ಒಯ್ದು, ಕಾಂಡ ಮುರಿದು ತೋರಿಸಿರಿ. ಕಳೆನಾಶಕದ ಪ್ರಾತ್ಯಕ್ಷಿಕೆ ನಡೆಸಿದ ತಾಕಿನಲ್ಲಿ ‘ಇಲ್ಲಿನ ಸೊಪ್ಪು ತಿನ್ನಬಾರದು’ ಎಂಬ ಫಲಕದ ಜೊತೆಗೆ, ಓದು ಬಾರದವರಿಗೂ ತಿಳಿಯುವಂತೆ ಕೆಂಪು ಬಟ್ಟೆಯನ್ನು ಕಟ್ಟಿಸಿರಿ ಮತ್ತು ಅದರ ಅರ್ಥವನ್ನು ಊರಿನಲ್ಲಿ ಮೊದಲೇ ತಿಳಿಸಿರಿ.

ನೆನಪಿಡಬೇಕಾದ ಅಂಶಗಳು

1. ಕಾಂಡ ಮುರಿದಾಗ ಹಾಲು ಬಂದರೆ ಅದು ಗೋಣಿ ಸೊಪ್ಪಲ್ಲ.
2. ಹೂಬಿಡುವ ಮುನ್ನವೇ ಕಿತ್ತು ಹೊಲದಿಂದ ಹೊರಗೆ ಒಯ್ಯಿರಿ.
3. ಸಿಂಪಡಿಸಿದ ಹೊಲದ ಸೊಪ್ಪು ಆ ಹಂಗಾಮಿನಲ್ಲಿ ಬೇಡ.
4. ಮೂರು ಬಾರಿ ತೊಳೆದು, ಬೇಯಿಸಿ, ನೀರು ಬಸಿದು, ಸಾಧ್ಯವಾದರೆ ಮೊಸರಿನೊಡನೆ ತಿನ್ನಿರಿ.
5. ವಾರಕ್ಕೆ ಒಂದೆರಡು ಬಾರಿ ಸಾಕು; ಮೂತ್ರಪಿಂಡದ ತೊಂದರೆಯಿರುವವರು ದೂರವಿರಿ.
6. ಔಷಧಿ ಹೊಡೆದ ವಿಷಯವನ್ನು ಕೂಲಿಯವರಿಗೆ ಕೆಲಸಕ್ಕೆ ಮುನ್ನವೇ ತಿಳಿಸಿರಿ.

ಗಿಡದ ಗುರುತು, ಕಳೆ ನಿರ್ವಹಣೆ ಅಥವಾ ಕಳೆನಾಶಕಗಳ ಬಗ್ಗೆ ಸಂದೇಹಗಳಿದ್ದಲ್ಲಿ ಗಿಡದ ಮಾದರಿಯೊಂದಿಗೆ ತಮ್ಮ ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.